ಭಲ್ಲೆಯ ಶಬ್ದಮೂಲ

ಕಾವಲುಗಾರ ಬೊಮ್ಮನಾಯಕನ ಮನೆಯಲ್ಲಿ ಗೋಡೆಯ ಗೂಟಕ್ಕೆ ಒಂದು ಭಲ್ಲೆ ತೂಗುತ್ತಿತ್ತು. ಬಾಗಿಲ ಮೂಲೆಗೆ ಒಂದು ಈಟಿ ಒರಗಿತ್ತು. ಎರಡೂ ಎಸೆಯುವ ಆಯುಧಗಳೇ. ಆದರೂ ಈಟಿಯನ್ನು ಕಂಡರೆ ಭಲ್ಲೆಗೆ ತಾತ್ಸಾರ.

"ನನ್ನ ಹೆಸರು ಸಂಸ್ಕೃತದ 'ಭಲ್ಲ'ದಿಂದ ಇಳಿದು ಬಂದದ್ದು. ನಿನ್ನದರ ಮೂಲ ಯಾವುದು?" ಎಂದು ಅದು ಕೇಳಿತು.

"ನಾನರಿಯೆ ಸ್ವಾಮಿ," ಎಂದಿತು ಈಟಿ. "ಎಸೆಯುವವರು ಹಾಗೆ ಕರೆಯುತ್ತಾರೆ, ನಾನು ಹೋಗುತ್ತೇನೆ."

"ಮೂಲ ತಿಳಿಯದವರಿಗೆ ಹೋಗುವುದೊಂದೇ ಗತಿ," ಎಂದು ಭಲ್ಲೆ ಮೂಗು ಮುರಿಯಿತು.

ಅಷ್ಟರಲ್ಲಿ ಚಿರತೆಯೊಂದು ಕುರಿದೊಡ್ಡಿಗೆ ನುಗ್ಗಿತು. ನಾಯಕ ಈಟಿ ಹಿಡಿದು ಓಡಿ ಎಸೆದ. ಅದು ಚಿರತೆಯ ತೊಡೆ ಸವರಿ ಬೇಲಿಯಾಚೆ ಬಿತ್ತು. "ಇನ್ನೊಂದು ಈಟಿ ತಾರೇ," ಎಂದು ಅವನು ಹೆಂಡತಿಯನ್ನು ಕೂಗಿದ. ಅವಳು ಭಲ್ಲೆಗೆ ಕೈಹಾಕಿದಳು.

"ಕರೆದದ್ದು ಈಟಿಯನ್ನು. ನಾನು ಭಲ್ಲೆ," ಎಂದು ಅದು ಗೂಟವನ್ನು ಕಚ್ಚಿಕೊಂಡಿತು. ಅವಳು ಎಳೆದು ಬಿಡಿಸುವಷ್ಟರಲ್ಲಿ ಚಿರತೆ ಗಬ್ಬದ ಕುರಿಯನ್ನು ಹೊತ್ತೊಯ್ದಿತ್ತು.

ಮರುದಿನ ನಾಯಕ ಭಲ್ಲೆಯನ್ನು ಕುಡುಗೋಲು ಮಾಡಿಸಲು ಕುಲುಮೆಗೆ ಕೊಟ್ಟ. ಕೆಂಡದಲ್ಲಿ ಕೆಂಪಗೆ ಕಾಯುತ್ತಲೇ ಅದು ಕಮ್ಮಾರನಿಗೆ ತನ್ನ ಶಬ್ದಮೂಲವನ್ನು ವಿವರಿಸತೊಡಗಿತು. ಕಮ್ಮಾರ ಸುತ್ತಿಗೆ ಎತ್ತಿದ.