ಯಾರೂ ಸಾಯದ ಕೊಲೆ

ಶಿಷ್ಯ ಮಡಿವಾಳಯ್ಯ ಕೇಳಿದ: “ಗುರುಗಳೇ, ಒಬ್ಬ ಕೆಡುಕು ಮಾಡಲು ಹೊರಟ. ಆದರೆ ಯಾರಿಗೂ ಕೆಡುಕಾಗಲಿಲ್ಲ. ಅಂಥವನನ್ನು ದಂಡಿಸುವುದು ಯಾವ ನ್ಯಾಯ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನ್ಯಾಯಾಧಿಕಾರಿ ಇದ್ದ. ಗಡಿಕಲ್ಲಿನ ಜಗಳ, ದನ ಪೈರು ಮೇದ ಜಗಳ, ಬೈಗುಳದ ಜಗಳ, ಇಂಥವನ್ನು ತೀರಿಸಿ ತೀರಿಸಿ ಅವನ ತಲೆ ನರೆತಿತ್ತು. ಊರಿನ ಕಟ್ಟಳೆಯೆಲ್ಲ ಅವನಿಗೆ ಬಾಯಿಪಾಠ. ಕೊಂದವನಿಗೆ ಗಲ್ಲು ಎಂದು ಅದರಲ್ಲಿ ಇತ್ತು. ಆದರೆ ಅಂಥ ತೀರ್ಪು ಕೊಡುವ ಪ್ರಸಂಗ ಅವನಿಗೆ ಎಂದೂ ಬಂದಿರಲಿಲ್ಲ.

ಒಮ್ಮೆ ಊರಿನ ವೈದ್ಯ ಅವನಲ್ಲಿಗೆ ದೂರು ತಂದ. ಅದು ಇಬ್ಬರು ಅಣ್ಣತಮ್ಮಂದಿರ ವಿಷಯ. ಅವರದು ಎಣ್ಣೆ ಗಾಣದ ಮನೆ. ತಂದೆ ಸಾಯುವಾಗ ಗಾಣವನ್ನು ಅಣ್ಣನ ಕೈಗೆ ಒಪ್ಪಿಸಿದ್ದ. ಅಣ್ಣ ಕೆಟ್ಟವನೇನಲ್ಲ. ತಮ್ಮನಿಗೆ ಊಟಕ್ಕೆ ಬಟ್ಟೆಗೆ ಕೊರತೆ ಮಾಡಿದವನಲ್ಲ. ಆದರೆ ಮನೆಯಲ್ಲಿ ಅವನ ಮಾತೇ ನಡೆಯಬೇಕು. ಎತ್ತಿನ ಹಿಂದೆ ದಿನವಿಡೀ ಸುತ್ತುವ ಕೆಲಸ ತಮ್ಮನದು. ಅಣ್ಣ ಇಲ್ಲದಿದ್ದರೆ ಗಾಣ ತನ್ನದಾಗುತ್ತದೆ ಎಂಬ ಯೋಚನೆ ಅವನಿಗೆ ಯಾವಾಗ ಬಂತೋ, ಬಂದದ್ದು ಹೋಗಲಿಲ್ಲ.

ಅವನು ವೈದ್ಯನಲ್ಲಿಗೆ ಹೋಗಿ ವಿಷ ಕೇಳಿದ. ಬೀದಿಯಲ್ಲಿ ಹುಚ್ಚುನಾಯಿಯೊಂದು ಓಡಾಡುತ್ತಿದೆ, ಅದಕ್ಕೆ ಹಾಕಬೇಕು ಎಂದ. ವೈದ್ಯ ಎದ್ದು ಔಷಧಿಯ ಗಡಿಗೆಗೆ ಕೈ ಹಾಕುವಾಗ ಅವನು, ಅದು ಕಹಿ ಇರುತ್ತದೆಯೇ ಎಂದು ವಿಚಾರಿಸಿದ. ನಾಯಿಗೆ ವಿಷ ಹಾಕುವವನು ರುಚಿ ವಿಚಾರಿಸುವುದಿಲ್ಲ. ವೈದ್ಯ ಕೈಯನ್ನು ಬೇರೆ ಗಡಿಗೆಗೆ ಹಾಕಿದ. ಯಾರಿಗೂ ಏನೂ ಮಾಡದ ಒಂದು ಬೇರಿನ ಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟ. ತಮ್ಮ ಅತ್ತ ಹೋದ ಮೇಲೆ ವೈದ್ಯ ಗಾಣದ ಹಿಂಬಾಗಿಲಿಗೆ ಬಂದು ಅಣ್ಣನಿಗೆ ಎಲ್ಲವನ್ನೂ ಹೇಳಿದ.

ಅಣ್ಣ ನಂಬಲಿಲ್ಲ. ನನ್ನ ಬೆನ್ನ ಮೇಲೆ ಬೆಳೆದ ಹುಡುಗ ಅವನು, ಹೀಗೆಲ್ಲ ಆಡಬೇಡಿ ಎಂದು ವೈದ್ಯನ ಮೇಲೆಯೇ ಸಿಟ್ಟಾದ.

ಮಾರನೆಯ ದಿನ ಮಧ್ಯಾಹ್ನ ತಮ್ಮ ಮಜ್ಜಿಗೆ ತಂದುಕೊಟ್ಟ. ಎಂದೂ ತಂದುಕೊಟ್ಟವನಲ್ಲ. ಅಣ್ಣ ಅವನ ಮುಖ ನೋಡಿದ, ಕುಡಿದ. ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದ. ಕರುಳು ಕಿತ್ತು ಬರುತ್ತಿದೆ, ಓಡಿಹೋಗಿ ವೈದ್ಯರನ್ನು ಕರೆದುಕೊಂಡು ಬಾ ಎಂದು ಬೇಡಿದ. ನೋವು ಸುಳ್ಳು. ತಮ್ಮ ಓಡಲಿ ಎಂಬ ಆಸೆ ಸುಳ್ಳಲ್ಲ. ತಮ್ಮ ಹೊರಗೆ ಹೋದ, ಬಾಗಿಲು ಎಳೆದುಕೊಂಡ, ಜಗಲಿಯ ಮೇಲೆ ಕೂತ.

ಸಂಗತಿ ತಿಳಿದು ವೈದ್ಯ ದೂರು ತಂದದ್ದು ಆಗಲೇ. ವಿಚಾರಣೆಗೆ ಊರೇ ಸೇರಿತು. ತಮ್ಮ ಅಂಜಲಿಲ್ಲ. ತಾನು ಕೊಟ್ಟದ್ದು ಬೇರಿನ ಪುಡಿ ಎಂದು ವೈದ್ಯರೇ ಹೇಳುತ್ತಿದ್ದಾರೆ, ಬೇರಿನ ಪುಡಿ ಕುಡಿಸುವುದು ಯಾವ ಕಟ್ಟಳೆಯಲ್ಲಿ ತಪ್ಪು, ಸತ್ತವನು ಯಾರು ತೋರಿಸಿ ಎಂದು ಕೇಳಿದ. ಜನರಲ್ಲಿ ಕೆಲವರು ನಕ್ಕರು. ಮಾತು ಸರಿಯಾಗಿಯೇ ಇದೆ ಎಂದು ಕೆಲವರಿಗೆ ಅನ್ನಿಸಿತು. ನ್ಯಾಯಾಧಿಕಾರಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಕಟ್ಟಳೆಯನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕಿದ. ಅವನಿಗೆ ಅಲ್ಲಿ ದಾರಿ ಕಾಣಲಿಲ್ಲ. ಆಮೇಲೆ ಕೇಳಿದ:

“ಜಗಲಿಯ ಮೇಲೆ ಕೂತು ಏನು ಮಾಡುತ್ತಿದ್ದೆ?”

“ಸುಮ್ಮನೆ ಕೂತಿದ್ದೆ.”

“ಒಳಗಿನಿಂದ ಅಣ್ಣ ಕೂಗುತ್ತಿದ್ದದ್ದು ಕೇಳಿಸುತ್ತಿತ್ತೇ?”

“ಕೇಳಿಸುತ್ತಿತ್ತು.”

“ಕೂಗು ನಿಂತಾಗ?”

ತಮ್ಮ ತಲೆ ತಗ್ಗಿಸಿದ. “ಮುಗಿಯಿತು ಅಂದುಕೊಂಡೆ” ಎಂದ. ನಗುತ್ತಿದ್ದವರು ನಗು ನಿಲ್ಲಿಸಿದರು.

ಆಗ ಅಣ್ಣ ಎದ್ದು ಕೈಮುಗಿದ. ತನಗೇನೂ ಆಗಿಲ್ಲ, ದೂರು ತನ್ನದಲ್ಲ, ತಮ್ಮನನ್ನು ಬಿಟ್ಟುಬಿಡಬೇಕು ಎಂದು ಕೇಳಿಕೊಂಡ. ಅವನ ಕಣ್ಣು ತುಂಬಿತ್ತು. ನ್ಯಾಯಾಧಿಕಾರಿಗೆ ಅವನನ್ನು ನೋಡಿ ಸಂಕಟವಾಯಿತು. ಆದರೂ ಹೇಳಿದ: “ಕ್ಷಮಿಸುವುದು ನಿನಗೆ ಬಿಟ್ಟದ್ದು, ಯಾರೂ ತಡೆಯುವುದಿಲ್ಲ. ಆದರೆ ನಾಳೆ ಈ ಊರಿನಲ್ಲಿ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಅನುಮಾನವಿಲ್ಲದೆ ಕುಡಿಯಬೇಕಲ್ಲ, ಅದಕ್ಕೆ ನಾನು ಉತ್ತರ ಹೇಳಬೇಕು.”

ತಮ್ಮನಿಗೆ ಕೆಲವು ವರ್ಷ ಕೋಟೆಯ ಕಲ್ಲುಕೆಲಸ ಎಂದು ತೀರ್ಪಾಯಿತು. ಜನ ಒಪ್ಪಲಿಲ್ಲ. ಕೊಲೆಗಾರನಾದರೆ ಗಲ್ಲಿಗೆ ಹಾಕಿ, ಅಲ್ಲವಾದರೆ ಮನೆಗೆ ಕಳಿಸಿ, ಈ ಅರೆನ್ಯಾಯ ಯಾಕೆ ಎಂದು ಗದ್ದಲ ಮಾಡಿದರು. ನ್ಯಾಯಾಧಿಕಾರಿ ಅಣ್ಣನ ಕಡೆ ಕೈ ತೋರಿಸಿದ. ತಮ್ಮ ಎಂದಾದರೂ ಪಶ್ಚಾತ್ತಾಪಪಟ್ಟು ಬಂದರೆ, ಕೇಳಿಸಿಕೊಳ್ಳುವುದಕ್ಕೆ ಅಗೋ ಅಣ್ಣ ಇದ್ದಾನೆ; ಕೊಲೆಯಾದ ಮನೆಯಲ್ಲಿ ಕೇಳಿಸಿಕೊಳ್ಳುವವನೇ ಇರುವುದಿಲ್ಲ; ಎರಡಕ್ಕೂ ಒಂದೇ ಶಿಕ್ಷೆ ಹೇಗೆ ಕೊಡಲಿ ಎಂದ.

ಅಣ್ಣ ಒಂದು ಸಲ ಕೋಟೆಗೆ ಹೋಗಿ ಬಂದ. ಇಬ್ಬರೂ ಒಂದೇ ಬಂಡೆಯ ಮೇಲೆ ಕೂತಿದ್ದರಂತೆ, ಮಾತಾಡಲಿಲ್ಲವಂತೆ. ಊರಿಗೆ ಬಂದ ಮೇಲೆ ಆಳು ಇಡಲಿಲ್ಲ. ತಮ್ಮ ಬಿಡುಗಡೆಯಾಗಿ ಬರುವವರೆಗೂ ಎತ್ತಿನ ಹಿಂದೆ ತಾನೇ ಸುತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ. ಪುಡಿ ವಿಷವಲ್ಲದಿದ್ದರೂ ತಮ್ಮ ತಪ್ಪಿತಸ್ಥನೆಂದರೆ ತಪ್ಪು ಮನಸ್ಸಿನದೇ ಆಯಿತು. ಹಾಗಾದರೆ ಎತ್ತಿನ ಹಿಂದೆ ಸುತ್ತುತ್ತ ಆ ಯೋಚನೆ ಮಾಡಿದ ದಿನವೇ ಅವನನ್ನು ಹಿಡಿದು ದಂಡಿಸಬೇಕಿತ್ತಲ್ಲವೇ ಎಂದು ಕೇಳಿದ.

ಗುರುಗಳು ಹೇಳಿದರು: “ಆ ದಿನ ಅವನು ಯೋಚಿಸಿದ್ದ ಅಷ್ಟೆ, ಮಜ್ಜಿಗೆ ಕುಡಿಸಿರಲಿಲ್ಲ. ಮನಸ್ಸಿನಲ್ಲಿ ಬಂದುಹೋದದ್ದಕ್ಕೆಲ್ಲ ದಂಡ ಹಾಕುವುದಾದರೆ, ಮಡಿವಾಳಯ್ಯ, ದಂಡ ಹಾಕುವುದಕ್ಕೆ ಊರಿನಲ್ಲಿ ಯಾರು ಉಳಿಯುತ್ತಾರೆ?”