ಕೆಂಚಿಯ ಕ

ಹೊಳೆದಂಡೆಯ ಮಠದಲ್ಲಿ ಬಾಳವ್ವ ಎಂಬ ಶಿಷ್ಯೆ ಇದ್ದಳು. ಅವಳಿಗೆ ಐದು ವರ್ಷದ ಒಬ್ಬಳೇ ಮಗಳು, ಕೆಂಚವ್ವ; ಕರೆಯುವುದು ಕೆಂಚಿ ಅಂತ.

ಆ ಮಗುವಿನ ನಾಲಿಗೆಗೆ ‘ಕ’ ಬರುತ್ತಿರಲಿಲ್ಲ. ಕಲ್ಲು ಅನ್ನಲು ಹೋದರೆ ತಲ್ಲು. ಕಾಗೆ ಅನ್ನಲು ಹೋದರೆ ತಾಗೆ. ಹೆಸರೇನು ಅಂತ ಕೇಳಿದರೆ, ‘ತೆಂಚಿ.’

ಮಠದ ಮಕ್ಕಳೆಲ್ಲ ಅವಳನ್ನು ತೆಂಚಿ ಅಂತಲೇ ಕೂಗತೊಡಗಿದ್ದರು.

ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದವನು ಹಿರಿಯ ಶಿಷ್ಯ ಮುರಿಗೆಯ್ಯ. ಬಾಳವ್ವ ಮಗಳನ್ನು ಅವನ ಬಳಿ ಕರೆತಂದಳು.

“ಅಕ್ಷರ ಶುದ್ಧವಾಗಲಿ, ಆಮೇಲೆ ಕೂರಿಸು” ಅಂದ ಮುರಿಗೆಯ್ಯ. “ಒಂದು ಮಗು ತಪ್ಪು ಹೇಳಿದರೆ ಇಪ್ಪತ್ತು ಮಕ್ಕಳು ಕೆಡ್ತಾರೆ.”

ಬಾಳವ್ವನಿಗೆ ಮೈಯೆಲ್ಲ ಉರಿಯಿತು. “ಒಂದು ತಿಂಗಳು ಕೊಡಿ. ನಿಮಗಿಂತ ಶುದ್ಧವಾಗಿ ಹೇಳಿಸ್ತೀನಿ” ಎಂದು ಎದ್ದು ಬಂದಳು.

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. ತಟ್ಟೆಗೆ ಮುದ್ದೆ ಬಡಿಸಿ ತಾಯಿ ಹೇಳುವಳು: “ಮೊದಲು ‘ಕ’ ಅನ್ನು. ಆಮೇಲೆ ತುತ್ತು.”

“ತ.”

“ತ ಅಲ್ಲ, ಕ. ನನ್ನ ಬಾಯಿ ನೋಡು.”

“ತ.”

“ಮತ್ತೆ.”

ಐದನೆಯ ದಿನ ಕೆಂಚಿ ತಟ್ಟೆಯನ್ನು ಅತ್ತ ತಳ್ಳಿದಳು. “ನಾ ಹೇಳಲ್ಲ” ಅಂದಳು. ಅಷ್ಟೇ. ಆಮೇಲೆ ಕ ಇರಲಿ, ಬೇರೆ ಯಾವ ಮಾತೂ ಅವಳ ಬಾಯಿಂದ ಹೊರಡಲಿಲ್ಲ. ನೀರು ಬೇಕಾದರೆ ಬಿಂದಿಗೆಯತ್ತ ಬೆರಳು ತೋರಿಸುವಳು. ಬೇಕಾದ್ದು ಸಿಗದಿದ್ದರೆ ಗೋಡೆಯ ಕಡೆ ತಿರುಗಿ ಕೂರುವಳು.

ಮೂರು ದಿನ ಹೀಗೇ ಕಳೆಯಿತು. ಬಾಳವ್ವನ ಸಿಟ್ಟು ಇಳಿದು ಹೆದರಿಕೆ ಹತ್ತಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಗುರುಗಳ ಬಳಿ ಓಡಿದಳು. ಅವರನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು.

“ಅಜ್ಜಯ್ಯ, ನನ್ನ ಮಗಳು ನನಗೇ ಎದುರು ನಿಂತಿದ್ದಾಳೆ. ಹಟಮಾರಿ. ನೀವೇ ಬುದ್ಧಿ ಹೇಳಬೇಕು.”

ಅಜ್ಜಯ್ಯ ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಲೋಟ ಮಜ್ಜಿಗೆ ತಂದು ಅವಳ ಮುಂದಿಟ್ಟರು. ಬಾಯಾರಿ ಬಂದಿದ್ದ ಬಾಳವ್ವ ಲೋಟಕ್ಕೆ ಕೈ ಚಾಚಿದಳು.

ಅಜ್ಜಯ್ಯ ಲೋಟದ ಮೇಲೆ ಅಂಗೈ ಮುಚ್ಚಿದರು. “ಮೊದಲು ಶಿಳ್ಳೆ ಹಾಕು.”

“ಏನು?”

ಸಣ್ಣವರಿದ್ದಾಗ ಕುರಿ ಕಾಯ್ದವರು ಅಜ್ಜಯ್ಯ. ನಾಲಿಗೆ ಮಡಚಿ, ಎರಡು ಬೆರಳಿಟ್ಟು ಶಿಳ್ಳೆ ಹೊಡೆದರು. ಆಚೆ ದಡದ ನಾಯಿ ಬೊಗಳಿತು. “ಹೀಗೆ. ನನ್ನ ಬಾಯಿ ನೋಡು.”

ಬಾಳವ್ವ ಬೆರಳಿಟ್ಟು ಊದಿದಳು. ಬರೀ ಗಾಳಿ ಬಂತು.

“ಸರಿಯಿಲ್ಲ. ಮತ್ತೆ.”

ಊದಿದಳು. ಎಂಜಲು ಹಾರಿತು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು.

“ಮನಸ್ಸಿಟ್ಟು ಮಾಡು. ಇಷ್ಟು ಸುಲಭದ್ದು ಬರಲ್ವಾ? ಮತ್ತೆ.”

ಬಾಳವ್ವ ಎದ್ದು ನಿಂತಳು. ಕಣ್ಣು ಕೆಂಪಾಗಿದ್ದವು. “ನನಗೆ ನಿಮ್ಮ ಮಜ್ಜಿಗೆಯೂ ಬೇಡ, ಶಿಳ್ಳೆಯೂ ಬೇಡ. ನಾ ಊದಲ್ಲ!”

“ನಿನ್ನ ಮಗಳು ಎಷ್ಟು ದಿನ ತಡೆದುಕೊಂಡಳು?”

“ಐದು ದಿನ.”

“ನೀನು ಮೂರನೆಯ ಸಲಕ್ಕೇ ಎದ್ದೆ” ಅಂದರು ಅಜ್ಜಯ್ಯ. “ಅವಳಿಗಿರುವ ತಾಳ್ಮೆ ನಿನಗಿಲ್ಲ.”

ಬಾಳವ್ವ ಮತ್ತೆ ಕೂತಳು. ಅಜ್ಜಯ್ಯ ಲೋಟವನ್ನು ಅವಳ ಕೈಗೇ ಕೊಟ್ಟರು. ಅವಳು ಗಟಗಟ ಕುಡಿದಳು.

“ಹಾಗಾದರೆ ಬಿಟ್ಟುಬಿಡಲಾ, ಅಜ್ಜಯ್ಯ? ಜೀವಮಾನವೆಲ್ಲ ತೆಂಚಿ ಆಗೇ ಇರಲಾ ಅವಳು?”

“ಬಿಡು ಅಂದವರು ಯಾರು? ಅನ್ನದ ಮುಂದೆ ಬೇಡ. ಹೊಳೆಗೆ ಕರ್ಕೊಂಡು ಹೋಗು. ಬಾಯಿಗೆ ನೀರು ಹಾಕ್ಕೊಂಡು ಗಳಗಳ ಮುಕ್ಕಳಿಸಿ. ನೀರು ಉಗುಳಿ, ಮರಳ ಮೇಲೆ ಅಂಗಾತ ಮಲಗಿ ಕಾಗೆಗಳನ್ನು ಕರೀರಿ.”

“ಮಲಗಿಕೊಂಡಾ?”

“ಮಲಗಿದರೆ ನಾಲಿಗೆ ತಾನಾಗಿ ಹಿಂದಕ್ಕೆ ಜಾರುತ್ತೆ. ಕ ಇರೋದು ಅಲ್ಲೇ, ಗಂಟಲ ಹತ್ತಿರ. ದಿನಕ್ಕೆ ತಲೆ ಬಾಚುವಷ್ಟು ಹೊತ್ತು ಸಾಕು. ಅವಳು ಎದ್ದರೆ ನೀನೂ ಏಳು.”

ಮರುದಿನ ಬೆಳಿಗ್ಗೆ ತಾಯಿ ಮಗಳು ಹೊಳೆಗೆ ಹೋದರು. ಕೆಂಚಿ ತುಟಿ ಬಿಗಿದೇ ಇದ್ದಳು. ಬಾಳವ್ವ ಏನೂ ಕೇಳಲಿಲ್ಲ. ತಾನೇ ಬಾಯಿ ತುಂಬ ನೀರು ತುಂಬಿಕೊಂಡು ಮುಖ ಮೇಲೆತ್ತಿ ಗಳಗಳ ಅನ್ನಿಸಿದಳು. ನೀರು ಮೂಗಿಗೆ ಹತ್ತಿ ಕೆಮ್ಮಿದಳು.

ಕೆಂಚಿಗೆ ನಗು ತಡೆಯಲಾಗಲಿಲ್ಲ. ಅವಳೂ ಬೊಗಸೆಯೊಡ್ಡಿದಳು.

ಆಮೇಲೆ ಇಬ್ಬರೂ ಮರಳ ಮೇಲೆ ಮಲಗಿದರು. ಮೇಲೆ ಹೊಂಗೆಮರದ ತುಂಬ ಕಾಗೆಗಳು. ಬಾಳವ್ವ “ಕಾ” ಅಂದಳು. ಕೆಂಚಿ “ತಾ” ಅಂದಳು. ಬಾಳವ್ವ ತಿದ್ದಲಿಲ್ಲ. ಮತ್ತೊಮ್ಮೆ “ಕಾ” ಅಂದಳು, ಕಾಗೆಗೆ ಹೇಳುವ ಹಾಗೆ.

ಒಂಬತ್ತನೆಯ ಬೆಳಿಗ್ಗೆ ಮಗುವಿನ ಗಂಟಲಿಂದ “ಕ್ಕಾ” ಎಂದು ಬಂತು.

‘ಮತ್ತೊಂದು ಸಲ ಹೇಳು’ ಅನ್ನುವ ಮಾತು ಬಾಳವ್ವನ ತುಟಿಯವರೆಗೆ ಬಂದಿತ್ತು. ಕಚ್ಚಿ ಹಿಡಿದಳು. ಕೈಯಲ್ಲಿ ಮರಳು ಹಿಂಡುತ್ತ ಆಕಾಶ ನೋಡಿದಳು. ಪಕ್ಕದಿಂದ ಮತ್ತೆ, ಯಾರೂ ಕೇಳದೆಯೇ, “ಕ್ಕಾ!”

ತಿಂಗಳು ಮುಗಿಯುವ ಹೊತ್ತಿಗೆ ‘ಕಾಗೆ’ ಸರಿಯಾಗಿತ್ತು. ‘ಕಾಲು’ ಒಮ್ಮೆ ಬರುವುದು, ಒಮ್ಮೆ ಬಾರದು. ಉಳಿದದ್ದೆಲ್ಲ ಇನ್ನೂ ‘ತ’ದಲ್ಲೇ ಇತ್ತು. ಅವಳ ಹೆಸರೂ.

ಸೋಮವಾರದ ಪ್ರಾರ್ಥನೆಗೆ ಬಾಳವ್ವ ಮಗಳ ಕೈ ಹಿಡಿದು ಬಂದಳು. ಮುರಿಗೆಯ್ಯ ಬಾಗಿಲಲ್ಲೇ ತಡೆದ.

“ಶುದ್ಧವಾಯಿತೇ?”

“ಇಲ್ಲ.”

“ಹಾಗಾದರೆ ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ ಅಲ್ಲ, ಇವತ್ತೇ ಕೂರ್ತಾಳೆ” ಅಂದಳು ಬಾಳವ್ವ. “ನಾಲಿಗೆ ನೆಟ್ಟಗಾದ ಮೇಲೇ ಬಾಯಿ ತೆರೀಬೇಕು ಅಂದಿದ್ದರೆ ನೀವೂ ಇವತ್ತಿಗೆ ಮೂಕರೇ. ಸರೀರಿ.”

ಅವನು ಸರಿಯಲಿಲ್ಲ. ಅವನ ತೋಳಿನ ಕೆಳಗಿಂದ ಕೆಂಚಿ ನುಸುಳಿ ಒಳಗೆ ಹೋಗಿ ಮಕ್ಕಳ ಸಾಲಿನಲ್ಲಿ ಕೂತಳು. ಅಜ್ಜಯ್ಯ ಗದ್ದುಗೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಎದುರು ಮಗುವನ್ನು ಎಬ್ಬಿಸಲು ಮುರಿಗೆಯ್ಯನಿಗೆ ಧೈರ್ಯ ಬರಲಿಲ್ಲ.

ಒಬ್ಬೊಬ್ಬರೇ ಎದ್ದು ಹೇಳುವ ಸರದಿ. ಕೆಂಚಿ ಎದ್ದಳು. ಕೈ ಮುಗಿದು ಗಟ್ಟಿಯಾಗಿ ಶುರು ಮಾಡಿದಳು.

“ತಲ್ಲಿಗೂ ತಣ್ಣು ತೊಟ್ಟವನೇ...”

ಮೊದಲು ಒಬ್ಬ ನಕ್ಕ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಹಿಂದೆ ಕೂತ ದೊಡ್ಡವರೂ ಸೆರಗು, ಶಲ್ಯ ಬಾಯಿಗೆ ಅಡ್ಡ ಹಿಡಿದರು.

ಇನ್ನು ಮತ್ತೆ ಬಾಯಿ ಮುಚ್ಚಿಬಿಡುತ್ತಾಳೆ, ಗೋಡೆ ಕಡೆ ತಿರುಗಿಬಿಡುತ್ತಾಳೆ ಅಂದುಕೊಂಡಳು ಬಾಳವ್ವ.

ಕೆಂಚಿ ತಿರುಗಲಿಲ್ಲ. ಕಾಲು ನೆಲಕ್ಕೆ ಬಡಿದಳು.

“ಸುಮ್ಮನಿರಿ! ನಾನಿನ್ನೂ ತಲೀತಿದೀನಿ!”

ನಗು ನಿಂತಿತು.

“ನೋಡಿದಿರಾ, ಅಜ್ಜಯ್ಯ?” ಅಂದ ಮುರಿಗೆಯ್ಯ. “ಕಲೀತಿದೀನಿ ಅನ್ನೋದಕ್ಕೂ ಬರಲ್ಲ. ಇವಳನ್ನು ಏನು ಮಾಡಬೇಕು, ನೀವೇ ಹೇಳಿ.”

ಅಜ್ಜಯ್ಯ ಕಣ್ಣು ತೆರೆದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಗದ್ದುಗೆಯಿಂದ ಇಳಿದರು. ಮಕ್ಕಳ ಸಾಲಿನ ಕೊನೆಗೆ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಮುಗಿದರು.

“ಮುಂದಿನ ಸಾಲು ಹೇಳು, ತಾಯಿ. ನಾವೆಲ್ಲ ನಿನ್ನ ಹಿಂದೆ ಹೇಳ್ತೀವಿ.”