ಕಲಾಯಿಗಾರ ಕಣ್ಣಾರೆ ಕಂಡದ್ದು

"ಗುರುಗಳೇ, ಏನೂ ತಿಳಿಯದವರಿಗೆ ಮತದ ಹಕ್ಕು ಯಾಕೆ?" ಎಂದು ಸಂಗಮನಾಥ ಕೇಳಿದ.

ಚುನಾವಣೆಗೆ ಹತ್ತು ದಿನ ಉಳಿದಿತ್ತು. ಮತದ ಬೆಲೆ ತಿಳಿಸಿ ಬಾ ಎಂದು ಗುರುಗಳೇ ಅವನನ್ನು ಸುತ್ತಲಿನ ಹಳ್ಳಿಗಳಿಗೆ ಕಳಿಸಿದ್ದರು. ವಾರವೆಲ್ಲ ತಿರುಗಿ ಆಗಷ್ಟೇ ಮರಳಿದ್ದ. ಕಾಲಿನ ಧೂಳನ್ನೂ ತೊಳೆದಿರಲಿಲ್ಲ.

"ಅಂಥವರನ್ನು ಕಂಡಾಗ ನೀನೇನು ಮಾಡಿದೆ?" ಎಂದು ಗುರುಗಳು ಕೇಳಿದರು.

"ತಿಳಿಸಿ ಹೇಳಿದೆ. ತಪ್ಪಿದ್ದಲ್ಲಿ ತಿದ್ದಿದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಕಲಾಯಿಗಾರನಿದ್ದ. ಊರೂರು ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿದುಕೊಡುವುದು ಅವನ ಕಸುಬು. ಮರದ ನೆರಳಿನಲ್ಲಿ ಕುಣಿ ತೋಡಿ, ಇದ್ದಿಲು ಸುರಿದು, ಗಾಳಿಯೂದುವ ತಿದಿ ಹೂಡಿ ಕುಳಿತನೆಂದರೆ ಬೀದಿಯ ಹೆಂಗಸರು ಪಾತ್ರೆಗಳನ್ನು ಹೊತ್ತು ಬರುತ್ತಿದ್ದರು. ಪಾತ್ರೆ ಕಾಯುವವರೆಗೆ ಮಾತು ನಡೆಯುತ್ತಿತ್ತು. ಆರುವವರೆಗೂ ನಡೆಯುತ್ತಿತ್ತು.

ಅವನಿಗೆ ಎಲ್ಲದರ ಬಗ್ಗೆಯೂ ಕುತೂಹಲ. ಓದುಬರಹ ಬಲ್ಲವನು. ಬೆಳಿಗ್ಗೆ ಚಹಾದಂಗಡಿಯಲ್ಲಿ ಪತ್ರಿಕೆಯ ಕೊನೆಯ ಸಾಲಿನವರೆಗೆ ಓದದೆ ತಿದಿ ಮುಟ್ಟುತ್ತಿರಲಿಲ್ಲ. ಯಾರು ಎದುರು ಕುಳಿತರೂ ಅವರನ್ನು ಏನಾದರೂ ಕೇಳುತ್ತಿದ್ದ. ಕೇಳಿದ್ದನ್ನು ಮರೆಯುತ್ತಿರಲಿಲ್ಲ.

ಒಂದು ವರ್ಷ ಅವನು ಒಂದು ಊರಿಗೆ ಬಂದಾಗ ಅಲ್ಲಿ ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು. ಊರಿನ ನಡುವೆ ಒಂದು ಹಳ್ಳ. ಈಚೆ ಊರು, ಆಚೆ ಒಂದು ಸಣ್ಣ ಕೇರಿ. ಹಳ್ಳಕ್ಕೆ ಹೊಸದಾಗಿ ಕಾಲುಸೇತುವೆ ಕಟ್ಟಿದ್ದರು. ಇದ್ದದ್ದು ಒಂದೇ ಸ್ಥಾನ, ನಿಂತವರು ಇಬ್ಬರು. ಒಬ್ಬ ಹಿಟ್ಟಿನ ಗಿರಣಿಯವನು. ಇನ್ನೊಬ್ಬ ಬಟ್ಟೆ ವ್ಯಾಪಾರಿ. ಹಳ್ಳದ ದಂಡೆಯಲ್ಲಿ ವ್ಯಾಪಾರಿಯ ಹೊಲವೂ ಇತ್ತು.

ಕಲಾಯಿಗಾರ ಬಂದವರನ್ನೆಲ್ಲ ಕೇಳತೊಡಗಿದ. ಯಾರಿಗೆ ಮತ ಹಾಕುತ್ತೀರಿ, ಯಾಕೆ?

ವ್ಯಾಪಾರಿಯ ಗುರುತು ಹೊಲಿಗೆ ಯಂತ್ರ. ಅದಕ್ಕೆ ಒತ್ತಿದರೆ ಮನೆಗೊಂದು ಹೊಲಿಗೆ ಯಂತ್ರ ಬರುತ್ತದೆ ಎಂದು ಒಬ್ಬಳು ನಂಬಿದ್ದಳು. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಬ್ಬ ಮುದುಕ ತಾನು ಹಿಂದಿನ ಸದಸ್ಯನಿಗೇ ಹಾಕುವುದಾಗಿ ಹೇಳಿದ. ಅವರು ತೀರಿಕೊಂಡು ಎರಡು ವರ್ಷವಾಯಿತಲ್ಲ ಎಂದು ಪಕ್ಕದವರು ನೆನಪಿಸಿದರು. ಮುದುಕ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅವರ ಮತಗಳೆಲ್ಲ ಈಗ ಯಾರಿಗೆ ಹೋಗುತ್ತವೆ?" ಎಂದು ಕೇಳಿದ. ಕಲಾಯಿಗಾರನಿಗೆ ನಗು ಬಂತು. ಅದರ ಹಿಂದೆಯೇ ಒಂದು ಅಚ್ಚರಿಯೂ ಬಂತು. ಇವರು ಇಷ್ಟು ದಿನ ಯಾವ ಆಧಾರದ ಮೇಲೆ ಮತ ಹಾಕಿಕೊಂಡು ಬಂದಿದ್ದಾರೆ?

ಮೂರನೆಯ ದಿನ ಆಚೆ ಕೇರಿಯಿಂದ ಹಾಲು ಮಾರುವ ಹೆಂಗಸೊಬ್ಬಳು ತನ್ನ ಹಿತ್ತಾಳೆಯ ತಪ್ಪಲೆ ತಂದಳು. ದಿನಕ್ಕೆ ಎರಡು ಸಲ, ನಸುಕಿನಲ್ಲೊಮ್ಮೆ ಸಂಜೆಗೊಮ್ಮೆ, ಹಾಲು ಹೊತ್ತು ಸೇತುವೆ ದಾಟುವವಳು ಅವಳು. ತಪ್ಪಲೆಯನ್ನು ಬೆಂಕಿಯ ಮೇಲಿಡುತ್ತ ಕಲಾಯಿಗಾರ ಅವಳನ್ನೂ ಕೇಳಿದ.

"ನಿಮ್ಮ ಮತ ಯಾರಿಗೆ, ತಾಯಿ?"

"ಗಿರಣಿಯವರಿಗೆ. ಸೇತುವೆ ಕಟ್ಟಿಸಿದ್ದು ಅವರೇ ಅಲ್ಲವಾ?"

"ಹಾಗೆಂದು ಯಾರು ಹೇಳಿದರು?"

"ಯಾರು ಹೇಳಬೇಕು? ಸೇತುವೆ ತೆರೆದ ದಿನ ಊರಿಗೆಲ್ಲ ಪಾಯಸ ಹಾಕಿಸಿದರು. ಕಟ್ಟಿಸದವರು ಯಾಕೆ ಪಾಯಸ ಹಾಕಿಸುತ್ತಾರೆ, ಕಲಾಯಿ ಅಣ್ಣ?"

ಕಲಾಯಿಗಾರ ತಿದಿ ನಿಲ್ಲಿಸಿದ. ತವರ ಕೊಳ್ಳಲು ಪಟ್ಟಣಕ್ಕೆ ಹೋಗುವಾಗ ಅವನು ಈ ಹಳ್ಳದ ದಾರಿಯಲ್ಲೇ ಹೋಗುತ್ತಿದ್ದ. ಸೇತುವೆಯ ಕೆಲಸ ನಡೆದಿದ್ದಾಗ ಆರು ಸಲ ಹಾಗೆ ಹೋಗಿದ್ದ. ಆರು ಸಲವೂ ಅಲ್ಲಿ ಬಟ್ಟೆ ವ್ಯಾಪಾರಿಯನ್ನು ಕಂಡಿದ್ದ. ಉರಿಬಿಸಿಲಿನಲ್ಲಿ ಕೊಡೆ ಹಿಡಿದು, ಮೇಸ್ತ್ರಿಯ ಎದುರು ನಿಂತು, ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಇಷ್ಟು ಮುತುವರ್ಜಿಯಿಂದ ಊರಿನ ಕೆಲಸ ಮಾಡಿಸುವವರು ಸಿಗುವುದಿಲ್ಲ ಎಂದು ಕಲಾಯಿಗಾರ ಆಗಲೇ ಅಂದುಕೊಂಡಿದ್ದ. ಗಿರಣಿಯವನನ್ನು ಅಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅದನ್ನೇ ಅವಳಿಗೆ ಹೇಳಿದ.

"ಕಣ್ಣಾರೆ ಕಂಡಿರಾ?" ಎಂದು ಅವಳು ಕೇಳಿದಳು.

"ಆರು ಸಲ ಕಂಡೆ."

ತಪ್ಪಲೆ ಕೆಂಪಗೆ ಕಾದಿತ್ತು. ಅವನು ನವಸಾಗರದ ಪುಡಿ ಉದುರಿಸಿ, ತವರ ತಾಕಿಸಿ, ಬಟ್ಟೆಯಿಂದ ಉಜ್ಜಿದ. ಒಳಮೈ ಬೆಳ್ಳಗೆ ಹೊಳೆಯಿತು. ಅವಳು ಅದನ್ನು ನೋಡುತ್ತ ಕುಳಿತಿದ್ದಳು. ಪಾತ್ರೆ ಆರಿದ ಮೇಲೆ ಎದ್ದು, "ನಾನು ತಪ್ಪು ತಿಳಿದಿದ್ದೆ ಹಾಗಾದರೆ. ಹೇಳಿದ್ದು ಒಳ್ಳೆಯದಾಯಿತು, ಅಣ್ಣ" ಎಂದು ಹೇಳಿ ಹೋದಳು.

ಅಂದು ಕಲಾಯಿಗಾರನಿಗೆ ಪಾತ್ರೆಗಿಂತ ಹೆಚ್ಚಿನದೇನನ್ನೋ ಬೆಳಗಿಕೊಟ್ಟಂತೆ ಅನಿಸಿತು. ಆ ಊರಿನಲ್ಲಿ ಅವನು ಇನ್ನೂ ಎಂಟು ದಿನ ಉಳಿದ. ಬಂದವರಿಗೆಲ್ಲ ಹೇಳಿದ. ಪಾಯಸ ನೋಡಿ ಮತ ಹಾಕಬೇಡಿ, ಬಿಸಿಲಲ್ಲಿ ನಿಂತವರನ್ನು ನೋಡಿ ಹಾಕಿ ಎಂದ. ಅವನು ಹೊರಗಿನವನು. ಯಾರ ಕಡೆಯವನೂ ಅಲ್ಲ. ಮೇಲಾಗಿ ಕಣ್ಣಾರೆ ಕಂಡವನು. ಜನ ನಂಬಿದರು. ಅವನ ಒಲೆಯ ಹತ್ತಿರ ಕುಳಿತು ಹೋದವರು ಬಾವಿಕಟ್ಟೆಯಲ್ಲಿ ಹೇಳಿದರು. ಅಲ್ಲಿಂದ ಮಾತು ಬೀದಿಬೀದಿಗೂ ಹೋಯಿತು.

ಬಟ್ಟೆ ವ್ಯಾಪಾರಿ ಹತ್ತೊಂಬತ್ತು ಮತಗಳಿಂದ ಗೆದ್ದ. ಕಲಾಯಿಗಾರ ಅಷ್ಟರಲ್ಲಿ ಬೇರೆ ಸೀಮೆಗೆ ಹೋಗಿದ್ದ. ಸುದ್ದಿ ತಿಳಿದು ಸಂತೋಷಪಟ್ಟ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಮತ್ತೆ ಆ ಊರಿಗೆ ಬಂದ. ಈ ಸಲ ಆಚೆ ಕೇರಿಯ ಕಡೆಯಿಂದ ಬಂದ. ಸೇತುವೆಯ ಬಾಯಿಗೆ ಮುಳ್ಳುತಂತಿಯ ಬೇಲಿ ಹಾಕಿತ್ತು. ಹಲಗೆಯೊಂದರ ಮೇಲೆ 'ಖಾಸಗಿ ಜಮೀನು' ಎಂದು ಬರೆದಿತ್ತು. ಕೆಳಗೆ ಹೆಂಗಸರೂ ಶಾಲೆಯ ಮಕ್ಕಳೂ ಮೊಣಕಾಲುದ್ದದ ನೀರಿನಲ್ಲಿ ಹಳ್ಳ ದಾಟುತ್ತಿದ್ದರು.

ಕಲಾಯಿಗಾರ ಬೇಲಿಯನ್ನೇ ನೋಡುತ್ತ ನಿಂತ. ಅದು ಯಾಕೆ ಅಲ್ಲಿದೆ ಎಂದು ಅವನಿಗೆ ಅರ್ಥವಾಗಲಿಲ್ಲ. ಕೇಳಿ ತಿಳಿಯೋಣವೆಂದು ಹಾಲಿನವಳ ಮನೆಗೆ ಹೋದ. ಅವಳು ಜಗಲಿಯ ಮೇಲೆ ಕುಳಿತಿದ್ದಳು. ಬಲಗೈ ಮಣಿಕಟ್ಟಿಗೆ ಬಿದಿರಿನ ಪಟ್ಟಿ ಕಟ್ಟಿತ್ತು. ಹಾಲು ಹೊತ್ತು ಹಳ್ಳ ದಾಟುವಾಗ ಕಾಲು ಜಾರಿತಂತೆ.

"ಬೇಲಿ ಯಾರು ಹಾಕಿದ್ದು, ತಾಯಿ?"

"ಬಟ್ಟೆ ಅಂಗಡಿಯವರು. ಗೆದ್ದ ಮರುತಿಂಗಳೇ ಹಾಕಿಸಿದರು. ಸೇತುವೆಯ ಬುಡ ಅವರ ಹೊಲದಲ್ಲಿದೆಯಂತೆ. ನಾವು ಹೋಗಿ ಕೇಳಿದೆವು. 'ಕೆಲಸ ಶುರುವಾದ ದಿನದಿಂದಲೇ ಬೇಡ ಅಂದೆ. ದಿನಾ ಬಿಸಿಲಲ್ಲಿ ನಿಂತು ಮೇಸ್ತ್ರಿಗೆ ಅಡ್ಡ ಬಂದೆ. ಆಗ ನನ್ನ ಮಾತು ಯಾರೂ ಕೇಳಲಿಲ್ಲ' ಅಂದರು. ಪಂಚಾಯಿತಿಗೆ ದೂರು ಕೊಡೋಣವೆಂದು ಹೋದರೆ ದೂರು ತೆಗೆದುಕೊಳ್ಳುವ ಕುರ್ಚಿಯಲ್ಲಿ ಅವರೇ ಇದ್ದರು."

ಕಲಾಯಿಗಾರ ಹೆಗಲ ಮೇಲಿನ ತಿದಿಯನ್ನು ಕೆಳಗಿಳಿಸಿದ. "ಸೇತುವೆ ಕಟ್ಟಿಸಿದ್ದು ಗಿರಣಿಯವರೇನಾ ಹಾಗಾದರೆ?" ಎಂದ.

"ಅದೂ ಅಲ್ಲವಂತೆ. ಅರ್ಜಿ ಹಾಕಿದ್ದು ನಮ್ಮ ಕೇರಿಯ ಸೂಲಗಿತ್ತಿ. ಮಳೆಗಾಲದಲ್ಲಿ ಹೆರಿಗೆಗೆ ಹೋಗಲಿಕ್ಕೆ ಆಗುವುದಿಲ್ಲ ಅಂತ ಬರೆಸಿ ಹೆಬ್ಬೆಟ್ಟು ಒತ್ತಿದ್ದಳಂತೆ. ಗಿರಣಿಯವರು ಅದನ್ನು ತಾಲೂಕು ಕಚೇರಿಗೆ ಒಯ್ದು ನಾಲ್ಕು ಸಲ ಓಡಾಡಿದರಂತೆ, ಅಷ್ಟೇ. ಅವಳು ಸೇತುವೆ ನೋಡಲಿಲ್ಲ. ಅದಕ್ಕೆ ಮುಂಚೆಯೇ ತೀರಿಹೋದಳು."

ಆಮೇಲೆ ಅವಳು ಒಂದು ಮಾತು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು.

"ಅಲ್ಲ ಅಣ್ಣ, ಆರು ಸಲ ಅವರನ್ನು ನೋಡಿದಿರಿ. ಇಲ್ಲಿ ಯಾಕೆ ನಿಂತಿದ್ದೀರಿ ಅಂತ ಒಂದು ಸಲವೂ ಕೇಳಲಿಲ್ಲವಾ? ನಮ್ಮನ್ನೆಲ್ಲ ಅಷ್ಟೊಂದು ಕೇಳಿದಿರಿ."

ಕಲಾಯಿಗಾರ ಆ ಆರು ದಿನಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಒಂದು ದಿನವೂ ದಾರಿ ಬಿಟ್ಟು ಹತ್ತು ಹೆಜ್ಜೆ ಆ ಕಡೆ ಇಟ್ಟಿರಲಿಲ್ಲ. ಕಂಡದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಕೇಳಬೇಕೆಂದೇ ತೋಚಿರಲಿಲ್ಲ.

ಅಂದೇ ಅವನು ಹಳ್ಳ ದಾಟಿ ಊರಿಗೆ ಹೋದ. ಒಲೆ ಹೂಡಲಿಲ್ಲ. ತಾನು ಹೇಳಿದ್ದು ತಪ್ಪು ಎಂದು ಮನೆಮನೆಗೂ ಹೋಗಿ ತಿಳಿಸತೊಡಗಿದ. ಅದು ಸುಲಭವೆಂದುಕೊಂಡಿದ್ದ. ಊರಿನ ಈಚೆ ಬದಿಯವರಿಗೆ ಸೇತುವೆ ದಾಟುವ ಕೆಲಸ ಬೀಳುತ್ತಿರಲಿಲ್ಲ. ಬೇಲಿಯನ್ನು ಹೆಚ್ಚಿನವರು ನೋಡಿರಲೂ ಇಲ್ಲ. ಮಾತು ಮಾತ್ರ ಅವರಲ್ಲಿ ಗಟ್ಟಿಯಾಗಿ ಉಳಿದಿತ್ತು.

ದಿನಸಿ ಅಂಗಡಿಯವನೊಬ್ಬ ಅವನನ್ನೇ ತಿದ್ದಿದ.

"ದನಕರು ನುಗ್ಗದಿರಲಿ ಅಂತ ಬೇಲಿ ಹಾಕಿರಬೇಕು. ಸೇತುವೆ ಕಟ್ಟಿಸಿದವರು ಅವರೇ. ನಿಂತು ಕೆಲಸ ಮಾಡಿಸಿದ್ದನ್ನು ಕಣ್ಣಾರೆ ಕಂಡವರಿದ್ದಾರೆ."

"ಯಾರು ಕಂಡವರು?"

"ಯಾರೋ ಪರ ಊರಿನವರು. ಸುಳ್ಳು ಹೇಳಿ ಅವರಿಗೆ ಆಗಬೇಕಾದ್ದೇನಿದೆ?"

"ಆ ಪರ ಊರಿನವನು ನಾನೇ" ಎಂದ ಕಲಾಯಿಗಾರ.

ಅಂಗಡಿಯವನು ಅವನ ಮಸಿ ಹಿಡಿದ ಕೈಗಳನ್ನೂ ಸುಟ್ಟ ತೂತುಗಳ ಅಂಗಿಯನ್ನೂ ನೋಡಿದ. "ನೀವಲ್ಲ ಬಿಡಿ. ಅವರು ಯಾರೋ ತಿಳಿದವರಂತೆ" ಎಂದು ಹೇಳಿ ತಕ್ಕಡಿಯ ಕಡೆ ತಿರುಗಿದ.

ಹನ್ನೊಂದು ದಿನ ಕಲಾಯಿಗಾರ ತಿರುಗಿದ. ಕೆಲವರು ಒಪ್ಪಿದರು. ಕೆಲವರು ಆಗೊಂದು ಈಗೊಂದು ಹೇಳುತ್ತಾನೆ ಎಂದರು. ಗಿರಣಿಯವನು ಇವನನ್ನು ಕಳಿಸಿದ್ದಾನೆ ಎಂದವರೂ ಇದ್ದರು. ಒಂದು ಮಾತನ್ನು ಊರಿಗೆ ಹಂಚಲು ಎಂಟು ದಿನ ಸಾಕಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟು ದಿನ ಬೇಕೆಂಬುದು ಅವನಿಗೆ ತಿಳಿಯಲಿಲ್ಲ.

ಕೊನೆಗೆ ಆಚೆ ಕೇರಿಯ ಹೆಂಗಸರು ತಾಲೂಕು ಕಚೇರಿಗೆ ಅರ್ಜಿ ಹಾಕಿದರು. ಬರೆದುಕೊಟ್ಟವನು ಕಲಾಯಿಗಾರ. ಬರೆಯುವಾಗ ಒಂದೊಂದು ಸಾಲಿಗೂ ಅವರನ್ನು ಕೇಳಿದ. ಬೇಲಿ ಹಾಕಿದ್ದು ಯಾವ ದಿನ, ನೋಡಿದವರು ಯಾರು, ಎಷ್ಟು ಹೆಜ್ಜೆಯ ದೂರದಲ್ಲಿ ನಿಂತು ನೋಡಿದರು? ಇಷ್ಟೆಲ್ಲ ಬೇಕಾ ಎಂದು ಅವರಿಗೆ ಬೇಸರ ಬಂತು. ಅವನು ಬಿಡಲಿಲ್ಲ. ಏಳು ತಿಂಗಳ ಮೇಲೆ ಭೂಮಾಪಕರು ಬಂದು ಸರಪಳಿ ಹಿಡಿದು ಅಳೆದರು. ಸೇತುವೆಯ ಬುಡ ಸರ್ಕಾರಿ ಜಾಗದಲ್ಲೇ ಇತ್ತು. ಬೇಲಿ ತೆಗೆಸಿದರು. ವ್ಯಾಪಾರಿ ಮಾತ್ರ ಅವಧಿ ಮುಗಿಯುವವರೆಗೆ ಆ ಕುರ್ಚಿಯಲ್ಲೇ ಇದ್ದ. ಹಾಲಿನವಳ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ಅವಳು ಎಡಗೈಯಲ್ಲಿ ಹಾಲು ಅಳೆಯುವುದನ್ನು ರೂಢಿಸಿಕೊಂಡಳು.

ಮುಂದಿನ ಚುನಾವಣೆ ಬಂದಾಗ ಕಲಾಯಿಗಾರ ಅದೇ ಊರಿನಲ್ಲಿದ್ದ. ಹಾಲಿನವಳು ತಪ್ಪಲೆ ತಂದು ಎದುರು ಕುಳಿತಳು.

"ಈ ಸಲ ಮೂವರು ನಿಂತಿದ್ದಾರೆ. ಯಾರಿಗೆ ಹಾಕಲಿ, ಅಣ್ಣ?"

"ನನ್ನನ್ನು ಕೇಳಬೇಡಿ, ತಾಯಿ."

"ಹಾಗಾದರೆ ಅವರನ್ನೇ ಕೇಳೋಣ ನಡೆಯಿರಿ. ನಾನು ಮೂವರ ಮನೆಗೂ ಹಾಲು ಹಾಕುತ್ತೇನೆ" ಎಂದು ಅವಳು ಎದ್ದಳು. ಕಲಾಯಿಗಾರ ಬೆಂಕಿಗೆ ಬೂದಿ ಮುಚ್ಚಿ ಅವಳ ಹಿಂದೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಕತೆ ಸಂಗಮನಾಥನಿಗೆ ಹಿಡಿಸಿತ್ತು. ಅದರ ತೀರ್ಪು ಹಿಡಿಸಿರಲಿಲ್ಲ.

"ಗುರುಗಳೇ, ಕಲಾಯಿಗಾರ ಸುಳ್ಳು ಹೇಳಲಿಲ್ಲ. ಓದಿದವನು. ಕಂಡದ್ದನ್ನು ನಂಬಿ ಹೇಳಿದ. ಆ ಹೆಂಗಸಾದರೋ ಪಾಯಸ ನೋಡಿ ಮತ ಹಾಕಲು ಹೊರಟವಳು. ಅವಳ ಅಜ್ಞಾನಕ್ಕಿಂತ ಇವನ ತಪ್ಪು ದೊಡ್ಡದು ಹೇಗೆ?"

ಗುರುಗಳು ಹೇಳಿದರು: "ಅವಳ ಕೈಯಲ್ಲಿದ್ದದ್ದು ಒಂದೇ ಮತ."